ಕಚ್ಚಿಸ್ಕೊಳ್ಳೋರು ವಾಟ್ಸಾಪ್ ಗ್ರೂಪಲ್ಲಿ ಇರಲ್ಲ

2024ರ ಮಾರ್ಚ್ 12ನೇ ತಾರೀಕು ಕೇಂದ್ರದ ಪಶುಸಂಗೋಪನೆ ಇಲಾಖೆಯಿಂದ ಎಲ್ಲಾ ರಾಜ್ಯಗಳಿಗೂ ಒಂದು ಪತ್ರ ಹೋಯ್ತು. 23 ಜಾತಿ ನಾಯಿಗಳು ಮನುಷ್ಯರ ಜೀವಕ್ಕೆ ಅಪಾಯ, ಇವನ್ನ ಹೊರದೇಶದಿಂದ ತರೋ ಹಾಗಿಲ್ಲ, ಮರಿ ಹಾಕ್ಸೋ ಹಾಗಿಲ್ಲ, ಮಾರೋ ಹಾಗಿಲ್ಲ, ಈಗಾಗ್ಲೇ ಸಾಕಿರೋರು ಅವುಗಳಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸ್ಬಿಡ್ಬೇಕು ಅಂತ. ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೋರ್ಸೊ, ಡೋಗೊ ಅರ್ಜೆಂಟಿನೊ, ಇಷ್ಟು ಸರಿ, ಎಲ್ರೂ ಕೇಳಿರೋ ಹೆಸ್ರೇ. ಆಮೇಲೆ ಕಾಂಗಾಲ್, ಟೊರ್ನ್ಯಾಕ್, ಅಕ್‌ಬಾಶ್ ಅಂತೆಲ್ಲ ಬರುತ್ತೆ, ಟರ್ಕಿ, ಬಾಲ್ಕನ್ ಕಡೆ ಬೆಟ್ಟದಲ್ಲಿ ಕುರಿ ಕಾಯೋ ನಾಯಿಗಳು, ಕರ್ನಾಟಕದಲ್ಲಿ ಇವನ್ನ ಕಣ್ಣಾರೆ ನೋಡಿದೋರು ಸಿಗೋದೇ ಕಷ್ಟ. ಜಪಾನಿನ ಟೋಸಾ ಎರಡು ಸಲ ಬರುತ್ತೆ. ಮಧ್ಯದಲ್ಲಿ ಒಂದು ಕಡೆ ಸುಮ್ನೆ 'ಟೆರಿಯರ್ಸ್' ಅಂತ ಇದೆ, ಯಾವ ಟೆರಿಯರ್ ಅಂತ ಇಲ್ಲ. ಹೆಂಗಸರ ಹ್ಯಾಂಡ್‌ಬ್ಯಾಗಲ್ಲಿ ಕೂತ್ಕೊಳ್ಳೋ ಯಾರ್ಕ್‌ಶೈರ್ ಟೆರಿಯರ್ರೂ ಟೆರಿಯರ್ರೇ ತಾನೆ!

ಆ ವಾರ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಬೇರೆ ಮಾತೇ ಇರ್ಲಿಲ್ಲ. ನೀರಿನ ಟ್ಯಾಂಕರ್ ಸಮಸ್ಯೆ ಸುದ್ದಿನೂ ಹಿಂದೆ ಬಿತ್ತು (ಆ ಮಾರ್ಚಲ್ಲಿ ಬೆಂಗಳೂರಲ್ಲಿ ಇದ್ದೋರಿಗೆ ಗೊತ್ತು, ಅದು ಎಷ್ಟು ದೊಡ್ಡ ವಿಷ್ಯ ಅಂತ). ಒಂದು ಗುಂಪು 'ಎಲ್ಲಾ ನಾಯಿನೂ ಬ್ಯಾನ್ ಮಾಡ್ಲಿ', ಇನ್ನೊಂದು ಗುಂಪು 'ಮೊದ್ಲು ಮನುಷ್ಯರನ್ನ ಬ್ಯಾನ್ ಮಾಡ್ರಿ'. ಅದೇ ತಿಂಗಳು ಕರ್ನಾಟಕ ಹೈಕೋರ್ಟ್ ಪತ್ರಕ್ಕೆ ತಡೆ ಕೊಡ್ತು, ಏಪ್ರಿಲ್ 10ಕ್ಕೆ ಪೂರ್ತಿ ರದ್ದೇ ಮಾಡ್ತು. ಸಂಬಂಧಪಟ್ಟೋರನ್ನ ಯಾರನ್ನೂ ಕೇಳ್ದೆ ಮಾಡಿದೀರ, ನಿಷೇಧ ಬೇಕು ಅಂದ್ರೆ ಕಾನೂನು ಪ್ರಕಾರ ಎಲ್ರ ಮಾತೂ ಕೇಳಿ ಹೊಸದಾಗಿ ಬನ್ನಿ ಅಂತ ನ್ಯಾಯಮೂರ್ತಿ ನಾಗಪ್ರಸನ್ನ ಅವರ ಪೀಠ ಹೇಳ್ತು. ನಾಯಿ ಸಾಕಿರೋರೆಲ್ಲ ಖುಷಿ ಪಟ್ಟು ಸ್ಟೇಟಸ್ ಹಾಕಿದ್ದೇ ಹಾಕಿದ್ದು. ನಂಗೂ ಖುಷಿನೇ. ನಮ್ಮನೇಲಿರೋದು ಬೀದಿಯಿಂದ ಬಂದ ಕರಿಯ, ಅವನ ಹೆಸ್ರು ಯಾವ ಪಟ್ಟಿಗೂ ಬರಲ್ಲ, ಆದ್ರೂ ಹೀಗೆ ಹೆಸ್ರು ಓದಿ ಅಪರಾಧಿ ಮಾಡೋ ಪದ್ಧತಿ ಸರಿಯಿಲ್ಲ ಅಂತ ಅವತ್ತೂ ಅನ್ಸಿತ್ತು, ಇವತ್ತೂ ಅನ್ಸುತ್ತೆ.

ಆದ್ರೆ ಆ ಕೇಸ್ ಗೆದ್ದ ಮೇಲೆ ನಾವು ನಾಯಿ ಸಾಕೋರು ಏನ್ ಮಾಡಿದ್ವಿ? ಏನೂ ಇಲ್ಲ. 'ನಾಯಿ ತಪ್ಪಲ್ಲ, ಸಾಕೋರ ತಪ್ಪು' ಅಂತ ಕೋರ್ಟಲ್ಲೂ ಟೀವೀಲೂ ವಾದ ಮಾಡಿ ಗೆದ್ದು, ಸಾಕೋರು ಏನು ಮಾಡ್ಬೇಕು ಅನ್ನೋ ಮಾತು ಬಂದಾಗ ಎಲ್ರೂ ಮನೆಗೆ ಹೋಗ್ಬಿಟ್ವಿ.

ತಳಿ ವಿಷ್ಯ ಮೊದ್ಲು ಮುಗಿಸ್ಬಿಡ್ತೀನಿ. ನಾವು ಚಿಕ್ಕೋರಿದ್ದಾಗ ಭಯ ಅಂದ್ರೆ ಅಲ್ಸೇಷಿಯನ್ (ಜರ್ಮನ್ ಶೆಫರ್ಡ್), ಆಮೇಲೆ ಡಾಬರ್‌ಮನ್. ಡಾಬರ್‌ಮನ್‌ಗೆ ವಯಸ್ಸಾದ್ಮೇಲೆ ಮೆದುಳು ತಲೆಬುರುಡೆಗಿಂತ ದೊಡ್ಡದಾಗಿ ಹುಚ್ಚು ಹಿಡಿದು ಯಜಮಾನನ್ನೇ ಕಚ್ಚುತ್ತೆ ಅಂತ ಒಂದು ಕಥೆ ಶಿವಮೊಗ್ಗ ಕಡೆ ಪ್ರತೀ ಸ್ಕೂಲಲ್ಲೂ ಓಡಾಡ್ತಿತ್ತು, ಪೂರ್ತಿ ಬುರುಡೆ. ಆ 23ರ ಪಟ್ಟೀಲಿ ಇವೆರಡೂ ಇಲ್ಲ ನೋಡಿ. ಒಂದೊಂದು ಕಾಲಕ್ಕೆ ಒಂದೊಂದು ನಾಯಿ ರಾಕ್ಷಸ ಆಗುತ್ತೆ, ಯಾಕಂದ್ರೆ ಗತ್ತು ತೋರ್ಸೋಕೆ ನಾಯಿ ತಗೊಳ್ಳೋ ಜನ ಆಯಾ ಕಾಲಕ್ಕೆ ಯಾವುದು ಜಾಸ್ತಿ ಭಯ ಹುಟ್ಸುತ್ತೋ ಅದನ್ನೇ ತಗೋತಾರೆ. ಪಿಟ್‌ಬುಲ್ ಬ್ಯಾನ್ ಆದ್ರೆ ಇನ್ನೊಂದು ತರ್ತಾರೆ ಅಷ್ಟೆ.

ಇಂಗ್ಲೆಂಡಲ್ಲಿ ಆಗಿದ್ದು ಇದೇ. 1991ರಲ್ಲಿ ಅಲ್ಲಿ ಡೇಂಜರಸ್ ಡಾಗ್ಸ್ ಆಕ್ಟ್ ತಂದ್ರು, ಪಿಟ್‌ಬುಲ್, ಜಪಾನೀಸ್ ಟೋಸಾ, ಡೋಗೊ ಅರ್ಜೆಂಟಿನೊ, ಫಿಲಾ ಬ್ರಸಿಲೇರೊ ಅಂತ ನಾಲ್ಕು ಥರದವನ್ನ ನಿಷೇಧ ಮಾಡಿದ್ರು. ಮೂವತ್ತು ವರ್ಷ ಕಳೀತು, ನಾಯಿ ಕಚ್ಚಿ ಜನ ಸಾಯೋದು ನಿಲ್ಲಲಿಲ್ಲ, ಆ ಹೊತ್ತಿಗೆ ಎಕ್ಸ್‌ಎಲ್ ಬುಲ್ಲಿ ಅಂತ ಹೊಸದೊಂದು ಫ್ಯಾಷನ್ ಆಗಿ ಬಂದಿತ್ತು. 2023ರ ಡಿಸೆಂಬರ್ 31ರಿಂದ ಅದನ್ನ ಮಾರೋ ಹಾಗಿಲ್ಲ, ಹೊರಗಡೆ ಬೆಲ್ಟು, ಮೂತಿಗೆ ಮಝಲ್ ಇಲ್ದೆ ತರೋ ಹಾಗಿಲ್ಲ ಅಂದ್ರು, 2024ರ ಫೆಬ್ರವರಿ 1ರಿಂದ ಸರ್ಟಿಫಿಕೇಟ್ ಇಲ್ದೆ ಇಟ್ಕೊಳ್ಳೋದೇ ಅಪರಾಧ. ತಮಾಷೆ ಏನಂದ್ರೆ ನಾಯಿ ತಳಿಗಳನ್ನ ಗುರುತಿಸೋ ಅಲ್ಲಿನ ಸಂಸ್ಥೆ ಕೆನಲ್ ಕ್ಲಬ್ ಪ್ರಕಾರ ಎಕ್ಸ್‌ಎಲ್ ಬುಲ್ಲಿ ಅನ್ನೋ ತಳಿನೇ ಇಲ್ಲ. ಹಾಗಾಗಿ ಸರ್ಕಾರನೇ ಅಳತೆ ಬರೀಬೇಕಾಯ್ತು, ಗಂಡಾದ್ರೆ ಭುಜದ ಹತ್ರ 51 ಸೆಂಟಿಮೀಟರ್, ಹೆಣ್ಣಾದ್ರೆ 48, ಅದರ ಮೇಲೆ ತಲೆ ಹೀಗಿರ್ಬೇಕು, ಎದೆ ಹಾಗಿರ್ಬೇಕು ಅಂತ. 50 ಸೆಂಟಿಮೀಟರ್ ಇರೋ ಗಂಡುನಾಯಿ ಸಾಧು ಪ್ರಾಣಿ, ಇನ್ನೊಂದು ಸೆಂಟಿಮೀಟರ್ ಬೆಳೆದ್ರೆ ಕಾನೂನಿಗೆ ವಿರುದ್ಧ! ಅದೇ ಕಾಯ್ದೆಯ ಮೂರನೇ ಸೆಕ್ಷನ್ನು ಮಾತ್ರ ಯಾವ ತಳಿನೂ ನೋಡಲ್ಲ. ಯಾವುದೇ ನಾಯಿ ಅಪಾಯ ಆಗೋ ಹಾಗೆ ಹಿಡಿತ ತಪ್ಪಿದ್ರೆ ಅದರ ಜೊತೆಗಿರೋರ ಮೇಲೆ ಕೇಸು, 2014ರ ತಿದ್ದುಪಡಿ ಆದ್ಮೇಲೆ ಸ್ವಂತ ಮನೆಯೊಳಗೆ ಆದ್ರೂ ಕೇಸೇ, ಯಾರಾದ್ರೂ ಸತ್ತರೆ 14 ವರ್ಷದವರೆಗೂ ಜೈಲು. ನಂಗೆ ಕೇಳಿದ್ರೆ ಆ ಕಾಯ್ದೆಯಲ್ಲಿ ಉಪಯೋಗ ಇರೋದು ಅದೊಂದೇ ಸೆಕ್ಷನ್ನು.

2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು, ಅಮೆರಿಕದಲ್ಲಿ 18 ಸಾವಿರಕ್ಕೂ ಜಾಸ್ತಿ ನಾಯಿಗಳ ಸ್ವಭಾವದ ಬಗ್ಗೆ ಮನೆಯವ್ರನ್ನ ಕೇಳಿ, ಎರಡು ಸಾವಿರದಷ್ಟು ನಾಯಿಗಳ ಡಿಎನ್‌ಎ ನೋಡಿ ಮಾಡಿದ್ದು. ಒಂದು ನಾಯಿಗೂ ಇನ್ನೊಂದು ನಾಯಿಗೂ ಸ್ವಭಾವದಲ್ಲಿ ಇರೋ ವ್ಯತ್ಯಾಸದಲ್ಲಿ ತಳಿಯಿಂದ ಬರೋದು ಶೇಕಡಾ 9ರಷ್ಟು ಮಾತ್ರ ಅಂತ ಅವ್ರು ಕಂಡ್ಕೊಂಡ್ರು. ಎಷ್ಟು ಬೇಗ ಕೆರಳುತ್ತೆ ಅನ್ನೋ ವಿಷ್ಯದಲ್ಲಂತೂ ತಳಿ ನೋಡಿ ಹೇಳೋಕೆ ಏನೂ ಇಲ್ಲ ಅನ್ನೋ ಮಟ್ಟಿಗೆ.

ಇಷ್ಟು ಓದಿದ ತಕ್ಷಣ ನಮ್ಮೋರು, ಅಂದ್ರೆ ನಾಯಿ ಸಾಕಿರೋರು, 'ಹಾಂ ನೋಡಿ, ಎಲ್ಲಾ ನಾವು ಬೆಳ್ಸೋದ್ರಲ್ಲಿದೆ' ಅಂತ ಚಪ್ಪಾಳೆ ತಟ್ತಾರೆ. ನಿಲ್ಲಿ ಸ್ವಾಮಿ. ಸ್ವಭಾವ ಬೇರೆ, ಶಕ್ತಿ ಬೇರೆ. ಪಾಮೇರಿಯನ್ ಕೋಪ ಬಂದು ಕಚ್ಚಿದ್ರೆ ಕಾಲಿಗೆ ಗಾಯ, ಐವತ್ತು ಕೆಜಿ ರಾಟ್‌ವೀಲರ್ ಅದೇ ಕೋಪದಲ್ಲಿ ಕಚ್ಚಿದ್ರೆ ಕಾಲೇ ಹೋಗುತ್ತೆ. ಪಿಟ್‌ಬುಲ್ ದವಡೆ ಲಾಕ್ ಆಗ್ಬಿಡುತ್ತೆ ಅನ್ನೋದು ಸುಳ್ಳು, ಆದ್ರೆ ಹಿಡಿದಿದ್ದನ್ನ ಬಿಡ್ದೆ ಅಲ್ಲಾಡ್ಸೋ ಗುಣಕ್ಕೇ ಆರಿಸಿ ಆರಿಸಿ ಬೆಳ್ಸಿದ ವಂಶ ಅದು ಅನ್ನೋದು ಸುಳ್ಳಲ್ಲ. 2022ರ ಜುಲೈನಲ್ಲಿ ಲಖನೌನಲ್ಲಿ 82 ವರ್ಷದ ನಿವೃತ್ತ ಟೀಚರ್ ಒಬ್ರು ಸತ್ತಿದ್ದು ಅವ್ರ ಮನೆಯದೇ ಪಿಟ್‌ಬುಲ್ ಬಾಯಿಗೆ ಸಿಕ್ಕಿ, ಬೇರೆ ಯಾರದೋ ನಾಯಿಯಿಂದ ಅಲ್ಲ. ಸ್ಕೂಟರ್ ಲೈಸೆನ್ಸ್ ಇಟ್ಕೊಂಡು ಲಾರಿ ಓಡಿಸ್ತೀನಿ ಅಂದ್ರೆ ಆರ್‌ಟಿಓದವ್ರು ಬಿಡಲ್ಲ, ಲಾರಿ ಕೆಟ್ಟದ್ದು ಅಂತ ಅಲ್ಲ, ತಪ್ಪಾದಾಗ ಅದು ಮಾಡೋ ಅನಾಹುತ ದೊಡ್ಡದು ಅಂತ. ದೊಡ್ಡ ನಾಯಿ ಸಾಕೋರ ಮೇಲೆ ಜಾಸ್ತಿ ಷರತ್ತು ಹಾಕಿದ್ರೆ ನಾನಂತೂ ವಿರೋಧ ಮಾಡಲ್ಲ.

ಸರಿ, ಈಗ ನಂಗೆ ನಿಜವಾಗ್ಲೂ ಹೇಳ್ಬೇಕಾಗಿರೋದಕ್ಕೆ ಬರ್ತೀನಿ.

ಬೆಂಗಳೂರಲ್ಲಿ ಯಾವ ಲೇಔಟಿಗೆ ಬೇಕಾದ್ರೂ ಬೆಳಿಗ್ಗೆ ಆರೂವರೆಗೆ ಹೋಗಿ. ಒಂದು ಲ್ಯಾಬ್ರಡಾರೋ ಗೋಲ್ಡನ್ ರಿಟ್ರೀವರ್ರೋ ಬೆಲ್ಟಿಲ್ದೆ ಓಡಾಡ್ತಿರುತ್ತೆ, ಹತ್ತು ಹೆಜ್ಜೆ ಹಿಂದೆ ಯಜಮಾನ್ರು ಬೆಲ್ಟನ್ನ ತಮ್ಮ ಕುತ್ತಿಗೆಗೆ ಹಾಕ್ಕೊಂಡು ಫೋನಲ್ಲಿ ಮಾತಾಡ್ತಾ ಬರ್ತಿರ್ತಾರೆ. ಎದುರಿಗೆ ಬರೋರು ಗೋಡೆಗೆ ಅಂಟ್ಕೊಂಡು ನಿಂತ್ರೆ ದೂರದಿಂದಲೇ ಕೂಗ್ತಾರೆ, 'ಏನೂ ಮಾಡಲ್ಲ ಬನ್ನಿ, ತುಂಬಾ ಫ್ರೆಂಡ್ಲಿ.' ಹೆದರಿದ ಮನುಷ್ಯನ್ನ ಇವ್ರೇ ಸಮಾಧಾನ ಮಾಡೋ ಥರ. ಹೆದರ್ಕೋಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋ ಅಧಿಕಾರ ಇವ್ರಿಗೆ ಯಾರು ಕೊಟ್ರು? ಆ ಎದುರಿಗಿರೋರಿಗೆ ಚಿಕ್ಕಂದಿನಲ್ಲಿ ಹುಚ್ಚುನಾಯಿ ಕಚ್ಚಿ ಹೊಕ್ಕುಳ ಸುತ್ತ ಇಂಜೆಕ್ಷನ್ ಚುಚ್ಚಿಸ್ಕೊಂಡ ನೆನಪಿರಬಹುದು, ಮಂಡಿ ಆಪರೇಷನ್ ಆಗಿರಬಹುದು, ನಾಯಿ ಪ್ರೀತಿಯಿಂದ ಮೈಮೇಲೆ ಹಾರಿದ್ರೂ ಬಿದ್ದು ಸೊಂಟ ಮುರೀಬಹುದು, ಅಥವಾ ಸುಮ್ನೆ ನಾಯಿ ಅಂದ್ರೆ ಇಷ್ಟ ಇಲ್ದೇ ಇರಬಹುದು. ಇಷ್ಟ ಇಲ್ದೇ ಇರೋದು ತಪ್ಪೇನಲ್ವಲ್ಲ.

ಇದನ್ನ ನಮ್ಮ ಗ್ರೂಪಲ್ಲಿ ಹೇಳಿದ್ರೆ ಜಗಳ ಶುರು. ಆ ಜಗಳನ ಸುಮ್ನೆ ಕೂತು ನೋಡ್ತಾ ಇದ್ರೆ ಒಂದು ವಿಷ್ಯ ಗೊತ್ತಾಗುತ್ತೆ, ಅಲ್ಲಿ ಮಾತಾಡ್ತಿರೋರು ಎರಡೇ ಥರ. ನಾಯಿ ಇರೋ ಫ್ಲ್ಯಾಟ್‌ನೋರು, ನಾಯಿ ಇಲ್ದಿರೋ ಫ್ಲ್ಯಾಟ್‌ನೋರು. ನಾಯಿ ಕೈಲಿ ಜಾಸ್ತಿ ಕಚ್ಚಿಸ್ಕೊಳ್ಳೋರು ಆ ಗ್ರೂಪಲ್ಲೇ ಇಲ್ಲ. ಕೊರಿಯರ್ ಹುಡುಗ್ರು, ಸ್ವಿಗ್ಗಿ, ಜೊಮ್ಯಾಟೋದವ್ರು, ಗ್ಯಾಸ್ ಸಿಲಿಂಡರ್ ತರೋರು, ಕರೆಂಟ್ ಬಿಲ್ ಬರ್ಕೊಳ್ಳೋಕೆ ಬರೋರು, ಹಾಲು ಪೇಪರ್ ಹಾಕೋರು, ಕಸ ತಗೊಳ್ಳೋ ಪೌರಕಾರ್ಮಿಕರು, ಮನೆಕೆಲಸದೋರು. ಗೇಟು ತೆಗ್ಯೋದು ಇವ್ರು, ಬಾಗಿಲ ಬೆಲ್ ಒತ್ತೋದು ಇವ್ರು. ನಾಯಿ ಕಣ್ಣಿಗೆ ದಿನಾ ನಮ್ಮ ಜಾಗಕ್ಕೆ ನುಗ್ಗೋ ಹೊಸಬರು ಅಂದ್ರೂ ಇವ್ರೇ. ನಮ್ಮ ಏರಿಯಾದಲ್ಲಿ ಬಿಲ್ ಬರ್ಕೊಳ್ಳೋಕೆ ಬರೋರ ಹತ್ರ ಒಂದ್ಸಲ ಮಾತಾಡಿ ನೋಡಿ, ಯಾವ ಮನೇಲಿ ಯಾವ ನಾಯಿ, ಯಾವುದು ಬೊಗಳಿ ಸುಮ್ನಾಗುತ್ತೆ, ಯಾವುದು ಬೊಗಳ್ದೇ ಹಿಂದಿನಿಂದ ಬರುತ್ತೆ, ಯಾವ ಗೇಟಿನ ಚಿಲಕ ಸರಿ ಇಲ್ಲ, ಎಲ್ಲಾ ಬಾಯಿಪಾಠ. 'ಬೊಗಳೋ ನಾಯಿ ಕಚ್ಚಲ್ಲ' ಅಂತ ಗಾದೆ ಮಾಡಿದೋರು ಮನೆ ಮನೆಗೆ ಹೋಗಿ ಮೀಟರ್ ನೋಡಿದೋರಂತೂ ಅಲ್ಲ.

ನಮ್ಮನೆಗೆ ಕೆಲಸಕ್ಕೆ ಬರೋ ಅಕ್ಕ ಮೇಲಿನ ಫ್ಲೋರಲ್ಲಿ ಇನ್ನೊಂದು ಮನೇಲೂ ಮಾಡ್ತಾರೆ, ಅಲ್ಲಿ ಒಂದು ದೊಡ್ಡ ನಾಯಿ. ಅವ್ರಿಗೆ ನಾಯಿ ಅಂದ್ರೆ ಜೀವ ಹೋಗುತ್ತೆ. ಒಳಗೆ ಕಟ್ಟಾಕಿ ಅಮ್ಮ ಅಂತ ಯಾಕೆ ಹೇಳಲ್ಲ ಅಂದ್ರೆ, 'ಹೇಳಿದ್ದೆ ಕಣಕ್ಕ, ಇನ್ನೂ ಅಭ್ಯಾಸ ಆಗಿಲ್ವಾ ಅಂತ ನಕ್ಕುಬಿಟ್ರು. ಜಾಸ್ತಿ ಹೇಳಿದ್ರೆ ಬೇರೆಯವ್ರನ್ನ ನೋಡ್ಕೋತಾರೆ' ಅಂದ್ರು. ದಿನಾ ಆ ಮನೇಲಿ ನೆಲ ಒರೆಸುವಾಗ ಗೋಡೆ ಕಡೆ ಬೆನ್ನು ಮಾಡ್ಕೊಂಡೇ ಒರೆಸ್ತಾರಂತೆ. ಈ ಮಾತು ಯಾವ ಮೀಟಿಂಗಲ್ಲೂ ಬರಲ್ಲ. ನಾಯಿ ಪರ ವಿರೋಧ ಅಂತ ಕಿತ್ತಾಡೋ ಇಬ್ರೂ ಇವ್ರನ್ನ ಲೆಕ್ಕಕ್ಕೇ ತಗೊಳ್ಳಲ್ಲ.

2024ರ ಮೇ ತಿಂಗಳಲ್ಲಿ ಚೆನ್ನೈನ ಥೌಸಂಡ್ ಲೈಟ್ಸ್ ಹತ್ರ ಒಂದು ಕಾರ್ಪೊರೇಷನ್ ಪಾರ್ಕಲ್ಲಿ ಎರಡು ರಾಟ್‌ವೀಲರ್ ಐದು ವರ್ಷದ ಮಗು ಮೇಲೆ ಬಿದ್ವು. ಮಗು ಯಾರದು? ಆ ಪಾರ್ಕ್ ನೋಡ್ಕೊಳ್ಳೋ ವಾಚ್‌ಮನ್ ಮಗಳು, ಪಾರ್ಕಲ್ಲೇ ವಾಸ. ಸುದ್ದಿ ಬಂದಾಗ ಎಲ್ರೂ ಮತ್ತೆ ರಾಟ್‌ವೀಲರ್ ಬಗ್ಗೆ ಮಾತಾಡಿದ್ರು, ಆ ನಾಯಿಗಳಿಗೆ ಬೆಲ್ಟ್ ಇರ್ಲಿಲ್ಲ ಅನ್ನೋದು ಎರಡನೇ ಸಾಲಿಗೆ ಹೋಯ್ತು. ರಾಟ್‌ವೀಲರ್ ಬದ್ಲು ಅಲ್ಲಿ ಪಟ್ಟೀಲಿ ಇಲ್ದಿರೋ ಜರ್ಮನ್ ಶೆಫರ್ಡ್ ಇದ್ದಿದ್ರೆ ಬೆಲ್ಟ್ ಬೇಕಾಗಿರ್ಲಿಲ್ವಾ? ಪಟ್ಟಿ ಮಾಡೋದ್ರಲ್ಲಿ ನಂಗೆ ಕಾಣೋ ದೊಡ್ಡ ತೊಂದ್ರೆನೇ ಇದು. 23 ಹೆಸ್ರು ಅಪಾಯ ಅಂತ ಬರೆದ ಕೂಡ್ಲೆ ಮಿಕ್ಕಿದ ಎಲ್ಲಾ ನಾಯಿ ಸಾಕಿರೋರಿಗೂ 'ನಮ್ದು ಆ ಥರದ್ದಲ್ಲ' ಅಂತ ಕೈ ತೊಳ್ಕೊಳ್ಳೋಕೆ ದಾರಿ ಸಿಕ್ಬಿಡುತ್ತೆ.

ಇನ್ನೊಂದು ಹೊಸ ಪದ್ಧತಿ ಶುರುವಾಗಿದೆ. ನಾಯಿ ಯಜಮಾನ್ರದ್ದು, ವಾಕಿಂಗ್ ಕರ್ಕೊಂಡೋಗೋದು ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಟ್ಟ ಹುಡುಗ. ಹದಿನೆಂಟೋ ಹತ್ತೊಂಬತ್ತೋ ವಯಸ್ಸಿನ ಸಣಕಲು ಹುಡುಗ, ಒಂದು ಕೈಲಿ ಸೇಂಟ್ ಬರ್ನಾರ್ಡ್, ಇನ್ನೊಂದು ಕೈಲಿ ಹಸ್ಕಿ (ಹಿಮದಲ್ಲಿ ಗಾಡಿ ಎಳೆಯೋ ನಾಯಿನ ಏಪ್ರಿಲ್ ಬಿಸಿಲಲ್ಲಿ ಯಾಕೆ ಸಾಕ್ತಾರೋ ಅನ್ನೋದಕ್ಕೆ ಬೇರೆನೇ ಬ್ಲಾಗ್ ಬರೀಬೇಕು). ಬೀದಿನಾಯಿ ಗುಂಪು ಎದುರಿಗೆ ಬಂತು ಅಂದ್ರೆ ಆ ಹುಡುಗನ್ನ ನಾಯಿಗಳೇ ಎಳ್ಕೊಂಡು ಹೋಗ್ತವೆ. ಏನಾದ್ರೂ ಆದ್ರೆ ಜನ ಹೊಡೆಯೋದು ಅವನ್ನೇ. ಆಮೇಲೆ ಐದು ಮೀಟರ್ ಉದ್ದ ಬಿಚ್ಕೊಳ್ಳೋ ಆ ದಾರದ ಬೆಲ್ಟು, ಅದನ್ನ ಕಂಡುಹಿಡಿದೋನು ನಮ್ಮ ಫುಟ್‌ಪಾತ್ ನೋಡೇ ಇಲ್ಲ. ನಾಯಿ ರಸ್ತೆ ಆ ಕಡೆ, ಯಜಮಾನ ಈ ಕಡೆ, ಮಧ್ಯ ಸ್ಕೂಟರ್ ಬರುತ್ತೆ, ಕತ್ತಲಲ್ಲಿ ದಾರ ಕಾಣಲ್ಲ. ಒಂದೂವರೆ ಮೀಟರ್ ಗಟ್ಟಿ ಬೆಲ್ಟು, ಎಳೆಯೋ ನಾಯಿ ಆದ್ರೆ ಎದೆಗೆ ಹಾಕೋ ಹಾರ್ನೆಸ್ಸು, ಅಷ್ಟು ಸಾಕು.

ಬೆಲ್ಟು ನಾಯಿಗೆ ಹಿಂಸೆ ಅನ್ನೋರಿಗೆ ಒಂದು ಮಾತು. ನಮ್ಮ ಕರಿಯಂಗೆ ಪಟಾಕಿ ಸದ್ದು ಅಂದ್ರೆ ಪ್ರಾಣಭಯ, ಒಂದ್ಸಲ ಮದುವೆ ಮೆರವಣಿಗೇಲಿ ಸರಪಟಾಕಿ ಹಚ್ಚಿದಾಗ ಅವನು ಎಳೆದ ರಭಸಕ್ಕೆ ನನ್ನ ಅಂಗೈ ಚರ್ಮ ಕಿತ್ಕೊಂಡು ಬಂತು. ಬೆಲ್ಟ್ ಇರ್ಲಿಲ್ಲ ಅಂದಿದ್ರೆ ಸೀದಾ ರಿಂಗ್ ರೋಡಿಗೆ ಓಡ್ತಿದ್ದ.

ಹಿಂಸೆ ಬೇಕು ಅಂದ್ರೆ ಬೇರೆ ಕಡೆ ಇದೆ, ಇಡೀ ದಿನ ಚೈನಲ್ಲಿ ಕಟ್ಟಾಕೋದ್ರಲ್ಲಿ. ನಮ್ಮ ಮಲೆನಾಡ್ ಕಡೆ ಹಗಲು ಕಟ್ಟಿ ರಾತ್ರಿ ಬಿಡೋದು ಹಿಂದಿನಿಂದ ಬಂದ ಪದ್ಧತಿ, ರಾತ್ರಿ ಬಿಟ್ರೆ ಕುರ್ಕ (ಚಿರತೆ) ಹೊತ್ಕೊಂಡು ಹೋಗುತ್ತೆ ಅಂತ ಈಗೀಗ ರಾತ್ರಿನೂ ಗೂಡಲ್ಲೇ ಇಡ್ತಾರೆ, ಅದಕ್ಕೊಂದು ಕಾರಣ ಆದ್ರೂ ಇದೆ. ಬೆಂಗಳೂರಲ್ಲಿ ಕಾರ್ ಪಾರ್ಕಿಂಗ್ ಕಂಬಕ್ಕೆ ಮೂರಡಿ ಚೈನಲ್ಲಿ ಕಟ್ಟಿರೋ ನಾಯಿಗೆ ಏನು ಕಾರಣ? ಬರೋ ಹೋಗೋರನ್ನೆಲ್ಲ ನೋಡ್ತಾ, ಯಾರ ಹತ್ರನೂ ಹೋಗೋಕಾಗ್ದೆ, ಯಾರಿಂದನೂ ದೂರ ಹೋಗೋಕೂ ಆಗ್ದೆ, ಹೆದರಿಕೆನೂ ಸಿಟ್ಟೂ ಸೇರ್ಕೊಂಡು ಬೆಳೆದ ನಾಯಿ ಅದು. ಒಂದಿನ ಚೈನ್ ಕಿತ್ಕೊಂಡ್ರೆ ಯಾರನ್ನ ಹಿಡಿಯುತ್ತೆ ಅಂತ ಯಾರು ಹೇಳೋಕಾಗುತ್ತೆ? ಇದಕ್ಕೆ ಕಾನೂನಿದೆ ಗೊತ್ತಾ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಯಾವಾಗ್ಲೂ ಕಟ್ಟಾಕಿರೋ ನಾಯಿನ ಓಡಾಡ್ಸೋದಕ್ಕೆ ಕರ್ಕೊಂಡೋಗದೇ ಇರೋದು ಅಪರಾಧ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಮೊದಲನೇ ಸಲದ ದಂಡ 10 ರೂಪಾಯಿಂದ 50 ರೂಪಾಯಿವರೆಗೆ. ಹೌದು, ಈಗ್ಲೂ ಅಷ್ಟೇ. ಪಾರ್ಕಿಂಗ್ ಫೀಸೇ ಇದಕ್ಕಿಂತ ಜಾಸ್ತಿ.

ಕಚ್ಚಿದ್ರೆ ಏನು ಅನ್ನೋದಕ್ಕೂ ಕಾನೂನಿದೆ. ಮೊದ್ಲು ಐಪಿಸಿ 289 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 291. ನಮ್ಮ ಹತ್ರ ಇರೋ ಪ್ರಾಣಿಯಿಂದ ಇನ್ನೊಬ್ರಿಗೆ ಅಪಾಯ ಆಗದ ಹಾಗೆ ನೋಡ್ಕೊಳ್ದೇ ಇದ್ರೆ ಆರು ತಿಂಗಳವರೆಗೆ ಜೈಲು ಅಥವಾ 5,000ದವರೆಗೆ ದಂಡ, ಇಲ್ಲಾ ಎರಡೂ. ಇದ್ರಲ್ಲೂ ತಳಿ ಮಾತಿಲ್ಲ, ಪ್ರಾಣಿ ಅಂತಷ್ಟೇ ಇದೆ. ಆದ್ರೆ ಡೆಲಿವರಿ ಹುಡುಗ ಒಬ್ಬ ಪೊಲೀಸ್ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡ್ಬೇಕು ಅಂದ್ರೆ ಅವತ್ತಿನ ಸಂಪಾದನೆ ಹೋಯ್ತು. ಇಂಜೆಕ್ಷನ್ನು ಚರ್ಮದೊಳಗೆ ಕೊಡೋದಾದ್ರೆ ನಾಲ್ಕು ಸಲ, ಮಾಂಸಖಂಡಕ್ಕೆ ಕೊಡೋದಾದ್ರೆ ಐದು ಸಲ ಆಸ್ಪತ್ರೆಗೆ ಹೋಗ್ಬೇಕು, ಅಷ್ಟು ದಿನದ ಅರ್ಧರ್ಧ ದಿನನೂ ಹೋಯ್ತು. ಯಜಮಾನ್ರು ಐನೂರು ರೂಪಾಯಿ ಕೈಗಿಟ್ಟು 'ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ, ಏನೂ ಆಗಲ್ಲ ಹೋಗಪ್ಪ' ಅಂತಾರೆ.

ಈ 'ಇಂಜೆಕ್ಷನ್ ಆಗಿದೆ' ಅನ್ನೋ ಮಾತು ನಂಬಿ ಸುಮ್ನಿರೋದು ಇದೆಯಲ್ಲ, ಅದು ಬಹಳ ಅಪಾಯ. ರೇಬೀಸ್ ಲಕ್ಷಣ ಕಾಣಿಸ್ಕೊಂಡ ಮೇಲೆ ಉಳಿಯೋರು ಇಲ್ಲ ಅಂತಲೇ ಲೆಕ್ಕ. ನಾಯಿ ಯಾವುದೇ ಇರ್ಲಿ, ಗಾಯನ ಹರಿಯೋ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೀಬೇಕು, ಅರಿಶಿನ ಸುಣ್ಣ ಮೆಣಸಿನಪುಡಿ ಏನೂ ಮೆತ್ತಬಾರ್ದು, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು, ರಕ್ತ ಬಂದಿದ್ರೆ ಲಸಿಕೆ ಜೊತೆ ಇಮ್ಯುನೋಗ್ಲಾಬ್ಯುಲಿನ್ (ರೋಗದ ವಿರುದ್ಧ ಸಿದ್ಧ ಪ್ರತಿಕಾಯ ಇರೋ ಇಂಜೆಕ್ಷನ್) ಕೂಡ ಬೇಕಾಗುತ್ತೆ, ಕೇಳಿ ಹಾಕಿಸ್ಕೋಬೇಕು. ಹೊಕ್ಕುಳಿಗೆ ಚುಚ್ಚೋ ಕಾಲ ಹೋಗಿ ಎಷ್ಟೋ ವರ್ಷ ಆಯ್ತು, ಈಗ ತೋಳಿಗೆ. ನಾಯಿ ಯಜಮಾನ್ರ ಕೆಲಸ ಏನಂದ್ರೆ, ಲಸಿಕೆ ಕಾರ್ಡು ತೋರಿಸೋದು, ಆಸ್ಪತ್ರೆಗೆ ತಾವೇ ಕರ್ಕೊಂಡೋಗೋದು, ಆಮೇಲೆ ಹತ್ತು ದಿನ ಆ ನಾಯಿ ಕಣ್ಮುಂದೆ ಇರೋ ಹಾಗೆ ನೋಡ್ಕೊಳ್ಳೋದು. ಕಚ್ಚಿದ ದಿನ ಜೊಲ್ಲಲ್ಲಿ ರೇಬೀಸ್ ಇದ್ದಿದ್ರೆ ಹತ್ತು ದಿನದೊಳಗೆ ನಾಯಿಗೆ ಕಾಯಿಲೆ ಕಾಣುತ್ತೆ, ಸಾಯುತ್ತೆ. ಹತ್ತು ದಿನ ಆದ್ಮೇಲೂ ಚೆನ್ನಾಗಿದ್ರೆ ಕಚ್ಚಿಸ್ಕೊಂಡೋರ ಜೀವಕ್ಕೆ ದೊಡ್ಡ ನೆಮ್ಮದಿ. ಆದ್ರೆ ನಮ್ಮಲ್ಲಿ ನಡೆಯೋದೇನು, ಕಚ್ಚಿದ ರಾತ್ರಿನೇ ನಾಯಿನ ಊರಲ್ಲಿರೋ ತೋಟಕ್ಕೆ ಸಾಗಿಸಿ 'ನಮ್ಮಲ್ಲಿ ನಾಯಿನೇ ಇಲ್ಲ' ಅನ್ನೋದು.

ಮೂಲಕ್ಕೆ ಹೋದ್ರೆ ಮರಿ ಮಾರೋ ಜಾಗಕ್ಕೇ ಹೋಗ್ಬೇಕು. 2017ರಲ್ಲಿ ನಾಯಿ ಬ್ರೀಡಿಂಗ್ ಬಗ್ಗೆ ಕೇಂದ್ರದ ನಿಯಮ ಬಂದಿದೆ, ರಿಜಿಸ್ಟರ್ ಆಗ್ದೆ ಮರಿ ಹಾಕ್ಸಿ ಮಾರೋ ಹಾಗಿಲ್ಲ, ಎಂಟು ವಾರ ತುಂಬದ ಮರಿ ಕೊಡೋ ಹಾಗಿಲ್ಲ. ಆನ್‌ಲೈನಲ್ಲಿ ನೋಡಿ, ತಿಂಗಳ ಮರಿ ಫೋಟೋ ಹಾಕಿ 'ಹೋಮ್ ಡೆಲಿವರಿ' ಅಂತಿರುತ್ತೆ. ತಾಯಿ, ಒಡಹುಟ್ಟಿದ ಮರಿಗಳ ಜೊತೆ ಆಡ್ತಾ ಆಡ್ತಾನೇ ಮರಿ ಎಷ್ಟು ಜೋರಾಗಿ ಕಚ್ಚಬಾರ್ದು ಅಂತ ಕಲಿಯೋದು, ಅದಕ್ಕೆ ಮುಂಚೆ ಕಿತ್ಕೊಂಡು ಬಂದು ಬಾತ್‌ರೂಮಲ್ಲಿ ಕೂಡ್ಹಾಕಿ, ಗುರ್ ಅಂದ್ರೆ ಪೇಪರ್ ಸುತ್ತಿ ಹೊಡೆದು ಬೆಳ್ಸಿದ್ರೆ, ಅದು ಗುರ್ ಅನ್ನೋದನ್ನ ನಿಲ್ಸುತ್ತೆ, ಕಚ್ಚೋದನ್ನ ಅಲ್ಲ. ಎಚ್ಚರಿಕೆ ಕೊಡೋದನ್ನ ನಾವೇ ಮರೆಸಿ ಆಮೇಲೆ 'ಏಕಾಏಕಿ ಕಚ್ತು' ಅಂತೀವಿ.

ನಮ್ಮ ಮುಧೋಳ ನಾಯಿ ಪಾಡೂ ಈಗ ಇದೇ ಆಗ್ತಿದೆ. 2005ರಲ್ಲಿ ಅಂಚೆಚೀಟಿ ಮೇಲೆ ಬಂತು, 2016ರಲ್ಲಿ ಸೈನ್ಯದವ್ರು ಮರಿ ತಗೊಂಡೋಗಿ ತರಬೇತಿ ಕೊಟ್ರು, ತಿಮ್ಮಾಪುರದಲ್ಲಿ ಅದಕ್ಕಂತಲೇ ಸಂಶೋಧನಾ ಕೇಂದ್ರ ಇದೆ, ಹೆಮ್ಮೆ ಪಡೋ ವಿಷ್ಯನೇ. ಆದ್ರೆ ಮೊಲ ಅಟ್ಟಿಸ್ಕೊಂಡು ಬಯಲಲ್ಲಿ ಓಡೋಕೆ ಹುಟ್ಟಿರೋ ನಾಯಿನ ದೇಶಿ ಅಭಿಮಾನಕ್ಕೆ ತಂದು ಎರಡು ಬೆಡ್‌ರೂಮ್ ಫ್ಲ್ಯಾಟಲ್ಲಿ ಇಟ್ರೆ, ಬಾಲ್ಕನಿಯಿಂದ ಲಿಫ್ಟಿಗೆ ಲಿಫ್ಟಿಂದ ಬಾಲ್ಕನಿಗೆ ಓಡಾಡ್ಸಿದ್ರೆ, ಕೆರಳ್ದೇ ಏನ್ ಮಾಡುತ್ತೆ.

ಓಡಿಸೋಕೆ ಜಾಗ ಎಲ್ಲಿದೆ ಅಂತ ಕೇಳ್ತೀರ, ನ್ಯಾಯವಾದ ಪ್ರಶ್ನೆ. ಕೆನಡಾದ ಕ್ಯಾಲ್ಗರಿ ಊರಲ್ಲಿ ಯಾವ ತಳಿನೂ ಬ್ಯಾನ್ ಮಾಡಿಲ್ಲ, 2006ರ ನಿಯಮದಲ್ಲಿ ಸಾಕೋರ ಮೇಲೆ ಜವಾಬ್ದಾರಿ ಹಾಕಿದ್ರು. ಪ್ರತೀ ನಾಯಿಗೂ ಲೈಸೆನ್ಸು, ಆಪರೇಷನ್ ಮಾಡ್ಸಿದ್ರೆ ಫೀಸ್ ಕಮ್ಮಿ, ತಪ್ಪಿದ್ರೆ ದೊಡ್ಡ ದಂಡ, ಜೊತೆಗೆ ಬೆಲ್ಟ್ ಬಿಚ್ಚಿ ಓಡ್ಸೋಕೆ ಊರ ತುಂಬ ನೂರೈವತ್ತರ ಹತ್ತಿರ ಜಾಗ. ನಮ್ಮಲ್ಲಿ ನಿಯಮ ಬರೋವಾಗ ಒಂದೇ ಕೈಯಿಂದ ಬರುತ್ತೆ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು ಅಂತ ಬೈಲಾ ತಂತು, ಗಲಾಟೆ ಆಯ್ತು, ಪಕ್ಕಕ್ಕಿಟ್ರು. 2022ರಲ್ಲಿ ಕಬ್ಬನ್ ಪಾರ್ಕಿಗೆ ಸಾಕುನಾಯಿ ತರೋದನ್ನೇ ನಿಲ್ಲಿಸ್ಬೇಕು ಅಂತ ತೋಟಗಾರಿಕೆ ಇಲಾಖೆ ಹೊರಟಿತ್ತು, ಬೆಲ್ಟಿಲ್ದೆ ಬಿಡ್ತಾರೆ, ಕಕ್ಕ ಎತ್ತಲ್ಲ ಅಂತ ದೂರು. ಅದೂ ಗಲಾಟೆ ಆಗಿ ನಿಂತೋಯ್ತು. ಬೆಲ್ಟ್ ಹಾಕಿ, ಕಕ್ಕ ಎತ್ತಿ ಅಂತ ದಂಡ ಹಾಕೋದು ಕಷ್ಟ, ಪೂರ್ತಿ ಬ್ಯಾನ್ ಅನ್ನೋದು ಸುಲಭ. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿದೆ, ಪಾಲಿಕೆಗೊಂದು ಬೇಲಿ ಹಾಕಿರೋ ಬಯಲು ಕೊಟ್ಟು, ಅದರ ಆಚೆ ಬೆಲ್ಟ್ ಇಲ್ದಿದ್ರೆ ದಂಡ ಅಂದ್ರೆ ನಾನೇ ಮೊದ್ಲು ಚಪ್ಪಾಳೆ ಹೊಡೀತೀನಿ.

ಅಲ್ಲಿವರೆಗೆ ನಮ್ಮ ಕೈಲಿರೋದು ನಮ್ಮ ಗೇಟಿನ ಒಳಗೆ. ನಮ್ಮ ಅಸೋಸಿಯೇಷನ್ ಈಗ ಹೊಸ ಪೆಟ್ ಪಾಲಿಸಿ ಮಾಡ್ತಿದೆ. ಮೊದಲ ಕರಡಲ್ಲಿ ಆ 23ರ ಪಟ್ಟಿನೇ ಟೆರಿಯರ್ಸ್ ಸಮೇತ ಕಾಪಿ ಹೊಡೆದಿದ್ರು. ಹೈಕೋರ್ಟ್ ರದ್ದು ಮಾಡಿದೆ, ಅಸೋಸಿಯೇಷನ್‌ಗಳು ನಾಯಿ ಸಾಕೋದನ್ನ ಬ್ಯಾನ್ ಮಾಡೋ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ ಅಂತ ತೋರಿಸಿದ್ಮೇಲೆ ತೆಗೆದ್ರು. ಅದರ ಬದ್ಲು ನಾನು ಕೆಲವು ಸಾಲು ಬರೆದು ಕೊಟ್ಟೆ. ಕಾಮನ್ ಏರಿಯಾದಲ್ಲಿ ಯಾವ ನಾಯಿಗಾದ್ರೂ ಬೆಲ್ಟು, ಹಿಡ್ಕೊಳ್ಳೋರು ಅದನ್ನ ತಡೆಯೋ ಶಕ್ತಿ ಇರೋರೇ ಆಗಿರ್ಬೇಕು. ಲಸಿಕೆ ಕಾರ್ಡ್ ಕಾಪಿ ಆಫೀಸಲ್ಲಿರ್ಬೇಕು. ಕೆಲಸದೋರೋ ಡೆಲಿವರಿಯವ್ರೋ ಬಂದಾಗ ಅವ್ರು ಕೇಳೋಕೆ ಮುಂಚೆನೇ ನಾಯಿನ ರೂಮಲ್ಲಿ ಹಾಕ್ಬೇಕು. ಕಚ್ಚಿದ್ರೆ ಆಸ್ಪತ್ರೆ ಖರ್ಚು, ಎಲ್ಲಾ ಇಂಜೆಕ್ಷನ್ ಮುಗಿಯೋವರೆಗಿನ ದಿನಗೂಲಿ ಯಜಮಾನ್ರದ್ದು, ಕಚ್ಚಿಸ್ಕೊಂಡೋರು ಕಂಪ್ಲೇಂಟ್ ಕೊಟ್ರೂ ಕೊಡ್ದಿದ್ರೂ.

ಮೊದಲನೇ ಮೂರಕ್ಕೆ ಎಲ್ರೂ ಹೂಂ ಅಂದ್ರು. ಕೊನೇದಕ್ಕೆ ಬಂದಾಗ ಮೂರನೇ ಫ್ಲೋರಿನ ರಿಟೈರ್ಡ್ ಬ್ಯಾಂಕ್ ಅಂಕಲ್, ನಾಯಿ ಕಂಡ್ರೆ ಆಗದೋರು, ಅವ್ರೇ ಮೊದ್ಲು ಕೈ ಎತ್ತಿದ್ರು, ಸರಿಯಾಗಿದೆ ಹಾಕಿ ಅಂತ. ಬೇಡ, ಇದನ್ನ ಜನ ಮಿಸ್‌ಯೂಸ್ ಮಾಡ್ಕೋತಾರೆ ಅಂತ ತಡೆದಿರೋರು ಪೂರ್ತಿ ನಾಯಿ ಸಾಕಿರೋ ಮನೆಯೋರು. 'ನಾಯಿ ತಪ್ಪಲ್ಲ, ಸಾಕೋರ ತಪ್ಪು' ಅಂತ 2024ರಲ್ಲಿ ಸ್ಟೇಟಸ್ ಹಾಕಿದೋರು. ಮುಂದಿನ ಜನರಲ್ ಬಾಡಿಗೆ ತಳ್ಳಿದ್ದಾರೆ. ಮನೆಕೆಲಸದೋರಿಂದ ಒಬ್ರು, ಸೆಕ್ಯುರಿಟಿಯಿಂದ ಒಬ್ರು ಆ ಮೀಟಿಂಗಿಗೆ ಬಂದು ಮಾತಾಡ್ಲಿ ಅಂತ ಕೇಳಿದೀನಿ, ಓನರ್‌ಗಳಲ್ಲದೋರಿಗೆ ಜನರಲ್ ಬಾಡೀಲಿ ಮಾತಾಡೋಕೆ ಅವಕಾಶ ಇಲ್ಲ ಅಂತ ಸೆಕ್ರೆಟರಿ ಹೇಳ್ತಿದಾರೆ, ಬೈಲಾದಲ್ಲಿ ಹಾಗೆಲ್ಲಿ ಬರೆದಿದೆ ತೋರ್ಸಿ ಅಂತ ನಾನು ಮೇಲ್ ಹಾಕಿದೀನಿ.